ಟ್ರ್ಯಾಕ್ಟರಿಗೆ ಜಿಪಿಎಸ್: ಮೊದಲು ಒಂದು ಕಲ್ಲು ನೆಡಿ

ಅಡಿಕೆ ಸಸಿಯನ್ನು ಒಮ್ಮೆ ನೆಟ್ಟರೆ ಅದು ನಲವತ್ತು ಐವತ್ತು ವರ್ಷ ಅದೇ ಜಾಗದಲ್ಲಿ ನಿಲ್ಲುವ ಬೆಳೆ. ಭತ್ತದ ಸಾಲು ಈ ವರ್ಷ ಸೊಟ್ಟಗಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಅಡಿಕೆಯ ಸಾಲು ಸೊಟ್ಟಗಾದರೆ ಅಪ್ಪ ಮಾಡಿದ ತಪ್ಪನ್ನು ಮಗನೂ ನೋಡುತ್ತ ಕೂರಬೇಕು. ಹನಿ ನೀರಾವರಿಯ ಪೈಪು, ಸಾಲಿನ ನಡುವೆ ಓಡಾಡುವ ಸಣ್ಣ ಟ್ರ್ಯಾಕ್ಟರ್, ಮುಂದೆ ಎಡೆಯಲ್ಲಿ ಹಾಕುವ ಕಾಫಿ, ಬಸಿಗಾಲುವೆ, ಇವೆಲ್ಲವೂ ಆ ಮೊದಲ ದಿನದ ಗೆರೆಯನ್ನೇ ನಂಬಿಕೊಂಡಿರುತ್ತವೆ.

ಈ ಗೆರೆ ಹಾಕುವ ಕೆಲಸಕ್ಕೆ ಹಗ್ಗ, ಗೂಟ ಮತ್ತು ಕಣ್ಣಳತೆ ಬಲ್ಲ ನಾಲ್ಕಾರು ಆಳುಗಳು ಬೇಕು. ಆಳುಗಳು ಸಿಗುವುದು ಎಷ್ಟು ಕಷ್ಟವಾಗಿದೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಸಂಘದ ಕಚೇರಿಗೆ ಬರುವ ಸದಸ್ಯರು, ಅದರಲ್ಲೂ ತರುಣರು, ಈಗ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: "ಟ್ರ್ಯಾಕ್ಟರಿಗೆ ಜಿಪಿಎಸ್ ಹಾಕಿಸಿ ಗೆರೆ ಎಳೆಸಿದರೆ ಆಗದೇ?"

ಆಗುತ್ತದೆ. ಆದರೆ ಹೇಗೆ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ತಿಳಿಯದೆ ಹಣ ಹಾಕಬಾರದು. ಕಳೆದ ಬೇಸಿಗೆಯಲ್ಲಿ ನಾವು ಸದಸ್ಯರೊಬ್ಬರ ಜಮೀನಿನಲ್ಲಿ ಇದನ್ನು ಮಾಡಿ ನೋಡಿದೆವು. ಅಲ್ಲಿ ಆದ ತಪ್ಪನ್ನೂ ಕಲಿತ ಪಾಠವನ್ನೂ ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇವೆ.

ಎರಡನೆಯ ದಿನದ ಹನ್ನೆರಡೂವರೆ ಅಡಿ

ಜಮೀನು ನಾಲ್ಕು ಎಕರೆ ಖುಷ್ಕಿ. ಹಿಂದೆ ಮುಸುಕಿನ ಜೋಳ ಬೆಳೆಯುತ್ತಿದ್ದ ಬಯಲು. ಮೇಲೆ ಮರದ ನೆರಳಿಲ್ಲ. ಇದನ್ನು ಅಡಿಕೆಗೆ ತಿರುಗಿಸಬೇಕೆಂದು ಸದಸ್ಯರ ಇಚ್ಛೆ. ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರವೆಂದರೆ ಎಕರೆಗೆ ಸುಮಾರು 540 ಗುಂಡಿ, ಒಟ್ಟು ಎರಡು ಸಾವಿರಕ್ಕೂ ಮಿಕ್ಕಿ. ನಾವು ಮಾಡಿದ ಉಪಾಯ ಸರಳವಾದದ್ದು. ಕಲ್ಟಿವೇಟರಿನ ಉಳಿದ ಹಲ್ಲುಗಳನ್ನೆಲ್ಲ ಬಿಚ್ಚಿ ನಡುವಿನ ಒಂದೇ ಹಲ್ಲನ್ನು ಉಳಿಸಿಕೊಂಡೆವು. ಜಿಪಿಎಸ್ ತೋರಿದಂತೆ ಒಂಬತ್ತು ಅಡಿಗೊಂದು ಗೆರೆ ಉದ್ದಕ್ಕೆ, ಮತ್ತೆ ಒಂಬತ್ತು ಅಡಿಗೊಂದು ಗೆರೆ ಅಡ್ಡಕ್ಕೆ. ಎರಡು ಗೆರೆ ಕೂಡಿದ ಕಡೆ ಗುಂಡಿ.

ಸಲಕರಣೆಯೂ ಭಾರಿಯದೇನಲ್ಲ. ಎರಡು ರಿಸೀವರ್‌ಗಳು, ಒಂದು ಹೊಲದ ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ, ಇನ್ನೊಂದು ಟ್ರ್ಯಾಕ್ಟರಿನ ತಲೆಯ ಮೇಲೆ. ಚಾಲಕನ ಮುಂದೆ ಒಂದು ಟ್ಯಾಬ್ಲೆಟ್. ಅದರಲ್ಲಿ ಆಗ್‌ಓಪನ್‌ಜಿಪಿಎಸ್ ಎಂಬ ತಂತ್ರಾಂಶ. ಇದನ್ನು ಶುರುಮಾಡಿದವರು ಕೆನಡಾದ ಆಲ್ಬರ್ಟಾ ಪ್ರಾಂತದ ಬ್ರಯಾನ್ ಟಿಷ್ಲರ್ ಎಂಬ ರೈತರು. ಯಾರು ಬೇಕಾದರೂ ಬೆಲೆ ಕೊಡದೆ ಬಳಸಬಹುದು, ತಿದ್ದಬಹುದು. ಪರದೆಯ ಮೇಲೆ ಗೆರೆ ಕಾಣುತ್ತದೆ, ಟ್ರ್ಯಾಕ್ಟರ್ ಎಡಕ್ಕೋ ಬಲಕ್ಕೋ ಎಷ್ಟು ಸೆಂಟಿಮೀಟರ್ ಸರಿದಿದೆ ಎಂದು ಅಂಕಿ ಕಾಣುತ್ತದೆ. ಚಾಲಕ ಅದನ್ನು ನೋಡಿಕೊಂಡು ಸ್ಟಿಯರಿಂಗ್ ತಿರುಗಿಸಬೇಕು.

ಮೊದಲ ದಿನ ಎರಡು ಎಕರೆ ಮುಗಿಯಿತು. ಗೆರೆಗಳು ಅಡಿಪಟ್ಟಿ ಇಟ್ಟು ಎಳೆದಂತೆ ಇದ್ದವು. ಎಲ್ಲರಿಗೂ ಸಂತೋಷ. ಮೇಸ್ತ್ರಿ ಆಳುಗಳನ್ನು ಕರೆದು ಸಂಜೆಯೊಳಗೆ ನಲವತ್ತು ಗುಂಡಿಗಳನ್ನೂ ತೋಡಿಸಿಬಿಟ್ಟರು. ರಾತ್ರಿ ಸ್ಟ್ಯಾಂಡನ್ನು ಕಳಚಿ ಮನೆಗೆ ತಂದೆವು. ಮರುದಿನ ಬೆಳಿಗ್ಗೆ ಅದೇ ಮೂಲೆಯಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಲ್ಲಿಸಿ ಕೆಲಸ ಮುಂದುವರಿಸಿದೆವು. ಹತ್ತು ಗೆರೆ ಆಗುವಷ್ಟರಲ್ಲಿ ಮೇಸ್ತ್ರಿ ತಮ್ಮ ಹಳೆಯ ಹಗ್ಗವನ್ನು ಹಿಡಿದು ನಿನ್ನೆಯ ಕೊನೆಯ ಗೆರೆಯಿಂದ ಇಂದಿನ ಮೊದಲ ಗೆರೆಗೆ ಅಳೆದರು. ಒಂಬತ್ತು ಅಡಿ ಇರಬೇಕಾದಲ್ಲಿ ಹನ್ನೆರಡೂವರೆ ಅಡಿ ಇತ್ತು.

"ಏನು ಸ್ವಾಮಿ, ನಿಮ್ಮ ಮಿಷನ್ನು ರಾತ್ರಿ ಎದ್ದು ನಡೆಯಿತಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಪರದೆಯ ಮೇಲೆ ಎರಡೂ ದಿನ "ಫಿಕ್ಸ್" ಎಂದೇ ಬರುತ್ತಿತ್ತು. ಎರಡು ಸೆಂಟಿಮೀಟರಿನ ನಿಖರತೆ ಎಂದು ತೋರಿಸುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ನಾವು ತಪ್ಪಾಗಿ ತಿಳಿದಿದ್ದೆವು, ಅಷ್ಟೇ.

ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ

ತಪ್ಪು ಎಲ್ಲಿ ಎಂಬುದು ತಿಳಿಯಬೇಕಾದರೆ ಜಿಪಿಎಸ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು.

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ವ್ಯವಸ್ಥೆ. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ಈ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಬಹು ನಿಖರವಾದ ಗಡಿಯಾರವಿದೆ. "ನಾನು ಇಲ್ಲಿದ್ದೇನೆ, ಈಗ ಇಷ್ಟು ಹೊತ್ತು" ಎಂಬ ಸಂದೇಶವನ್ನು ಅವು ಬಿಡದೆ ಕಳುಹಿಸುತ್ತಿರುತ್ತವೆ. ಸಂದೇಶ ತಲುಪಲು ಹಿಡಿದ ಸಮಯದಿಂದ ರಿಸೀವರ್ ದೂರವನ್ನು ಲೆಕ್ಕಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳಿಂದ ದೂರ ಸಿಕ್ಕಿದರೆ ತಾನು ಎಲ್ಲಿದ್ದೇನೆಂದು ಅದಕ್ಕೆ ತಿಳಿಯುತ್ತದೆ. ಇಂದಿನ ರಿಸೀವರ್‌ಗಳು ಜಿಪಿಎಸ್ ಅಲ್ಲದೆ ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೌ ಉಪಗ್ರಹಗಳನ್ನೂ ಕೇಳಿಸಿಕೊಳ್ಳುತ್ತವೆ. ಕೆಲವು ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನೂ.

ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಓಡುವುದರಿಂದ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಸಮಯ ತಪ್ಪಿದರೂ ದೂರದಲ್ಲಿ ಒಂದು ಅಡಿ ತಪ್ಪುತ್ತದೆ. ಮೇಲಿನ ಆಕಾಶದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುತ್ ಕಣಗಳು ತುಂಬಿದ ಪದರವೊಂದಿದೆ. ಅಲೆ ಅದನ್ನು ದಾಟುವಾಗ ತಡವಾಗುತ್ತದೆ. ತಡ ಎಷ್ಟು ಎಂಬುದು ಹೊತ್ತಿಗೆ ಹೊತ್ತಿಗೆ ಬದಲಾಗುತ್ತದೆ. ಆದ್ದರಿಂದಲೇ ಜೇಬಿನಲ್ಲಿರುವ ಮೊಬೈಲ್ ಫೋನಿನ ಜಿಪಿಎಸ್ ಬಯಲಿನಲ್ಲಿ ನಿಂತರೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ದಾರಿ ಹುಡುಕಲು ಇದು ಸಾಕು. ಒಂಬತ್ತು ಅಡಿಯ ಗೆರೆಗೆ ಏನೇನೂ ಸಾಲದು.

ಇದಕ್ಕೆ ಪರಿಹಾರವಾಗಿ ಬಂದದ್ದು ಆರ್‌ಟಿಕೆ ಎಂಬ ಕ್ರಮ. ಇಲ್ಲಿ ಎರಡು ರಿಸೀವರ್ ಬೇಕು. ಒಂದು ಕದಲದೆ ಒಂದು ಕಡೆ ನಿಂತಿರುತ್ತದೆ, ಇದು ಬೇಸ್. ಇನ್ನೊಂದು ಟ್ರ್ಯಾಕ್ಟರಿನ ಮೇಲೆ ಓಡಾಡುತ್ತದೆ. ಹತ್ತಿರದಲ್ಲಿರುವ ಎರಡಕ್ಕೂ ಆಕಾಶದ ತಡ ಹೆಚ್ಚುಕಡಿಮೆ ಒಂದೇ. ಬೇಸ್ ತಾನು ಕೇಳಿಸಿಕೊಂಡದ್ದನ್ನೆಲ್ಲ ಸೆಕೆಂಡಿಗೊಮ್ಮೆ ರೇಡಿಯೋ ಮೂಲಕ ಟ್ರ್ಯಾಕ್ಟರಿಗೆ ತಿಳಿಸುತ್ತದೆ. ಟ್ರ್ಯಾಕ್ಟರಿನ ರಿಸೀವರ್ ಎರಡನ್ನೂ ಹೋಲಿಸಿ, ಸುಮಾರು 19 ಸೆಂಟಿಮೀಟರ್ ಉದ್ದದ ಆ ಅಲೆಗಳನ್ನು ಒಂದೊಂದಾಗಿ ಎಣಿಸಿದಂತೆ ಲೆಕ್ಕ ಮಾಡಿ, ಬೇಸಿನಿಂದ ತಾನು ಯಾವ ದಿಕ್ಕಿಗೆ ಎಷ್ಟು ದೂರದಲ್ಲಿದ್ದೇನೆ ಎಂಬುದನ್ನು ಒಂದೆರಡು ಸೆಂಟಿಮೀಟರಿನೊಳಗೆ ಹೇಳುತ್ತದೆ. ಎಣಿಕೆ ಗಟ್ಟಿಯಾದಾಗ ಪರದೆಯ ಮೇಲೆ "ಫಿಕ್ಸ್" ಎಂದು ಬರುತ್ತದೆ. ಎಣಿಕೆ ಇನ್ನೂ ಅನುಮಾನವಿದ್ದರೆ "ಫ್ಲೋಟ್" ಎಂದು ಬರುತ್ತದೆ. ಆಗ ಒಂದು ಅಡಿಯೋ ಅದಕ್ಕೂ ಹೆಚ್ಚೋ ತಪ್ಪಿರಬಹುದು.

ಈಗ ಹನ್ನೆರಡೂವರೆ ಅಡಿಯ ಗುಟ್ಟು ತಿಳಿಯುತ್ತದೆ. "ಫಿಕ್ಸ್" ಎಂದರೆ ಬೇಸಿನಿಂದ ಅಳತೆ ಸರಿಯಾಗಿದೆ ಎಂದರ್ಥ. ಬೇಸ್ ಇರುವ ಜಾಗ ಸರಿಯಾಗಿದೆ ಎಂದರ್ಥವಲ್ಲ. ನಮ್ಮ ಬೇಸ್ ಪ್ರತಿದಿನ ಬೆಳಿಗ್ಗೆ ಶುರುವಾದಾಗ ಐದು ನಿಮಿಷ ಆಕಾಶ ನೋಡಿ, ಸರಾಸರಿ ತೆಗೆದು, "ನಾನು ಇರುವುದು ಇಲ್ಲಿ" ಎಂದು ತಾನೇ ತೀರ್ಮಾನಿಸುತ್ತಿತ್ತು. ಐದು ನಿಮಿಷದ ಸರಾಸರಿ ಒಂದು ಮೀಟರೋ ಎರಡು ಮೀಟರೋ ತಪ್ಪಿರುತ್ತದೆ. ಮೊದಲ ದಿನ ಒಂದು ಕಡೆಗೆ ತಪ್ಪಿತು, ಎರಡನೆಯ ದಿನ ಇನ್ನೊಂದು ಕಡೆಗೆ. ಅದರ ಜೊತೆಗೆ ನಾವು ಸ್ಟ್ಯಾಂಡನ್ನು "ಹೆಚ್ಚುಕಡಿಮೆ" ಅದೇ ಜಾಗದಲ್ಲಿ ನಿಲ್ಲಿಸಿದ್ದೆವು. ಹಗ್ಗದ ಮೊದಲ ಗೂಟವನ್ನು ರಾತ್ರಿ ಕಿತ್ತು ಬೆಳಿಗ್ಗೆ ಅಂದಾಜಿನ ಮೇಲೆ ಹೊಡೆದಂತಾಯಿತು. ಹಗ್ಗ ಎಷ್ಟು ಒಳ್ಳೆಯದಾದರೇನು?

ನಲವತ್ತು ಗುಂಡಿ ತೋಡಿಯಾಗಿತ್ತು, ಅವನ್ನು ಬಿಡುವಂತಿರಲಿಲ್ಲ. ಮೊದಲ ದಿನದ ಎರಡು ಗುಂಡಿಗಳ ಗುರುತಿನ ಲೆಕ್ಕ ಟ್ಯಾಬ್ಲೆಟ್ಟಿನಲ್ಲಿ ಉಳಿದಿತ್ತು. ಟ್ರ್ಯಾಕ್ಟರಿನ ಆಂಟೆನಾವನ್ನು ಬಿಚ್ಚಿ ಆ ಗುರುತುಗಳ ಮೇಲೆ ಹಿಡಿದು, ಹಳೆಯ ಅಂಕಿಗೂ ಹೊಸ ಅಂಕಿಗೂ ಇರುವ ವ್ಯತ್ಯಾಸವನ್ನು ತೆಗೆದು, ಅಷ್ಟನ್ನು ಬೇಸಿನ ಅಂಕಿಯಲ್ಲಿ ತಿದ್ದಿದೆವು. ಎರಡನೆಯ ದಿನದ ಹತ್ತು ಗೆರೆಗಳನ್ನು ಹರಗಿ ಅಳಿಸಿ ಮತ್ತೆ ಎಳೆದೆವು. ಅರ್ಧ ದಿನ ಮತ್ತು ಒಂದಿಷ್ಟು ಡೀಸೆಲ್ ಹೋಯಿತು. ಮೇಸ್ತ್ರಿ ಹಗ್ಗ ಹಿಡಿಯದೆ ಹೋಗಿದ್ದರೆ ಎರಡು ಎಕರೆಯ ತೋಟ ಅರ್ಧಕ್ಕರ್ಧ ಕೂಡದೆ, ಅಡ್ಡಸಾಲು ಒಂದೂ ಹೊಂದದೆ, ನಲವತ್ತು ವರ್ಷ ಹಾಗೆಯೇ ಇರುತ್ತಿತ್ತು.

ಕಲ್ಲು ನೆಡುವ ಕ್ರಮ

ಅಳತೆ ಯಾವಾಗಲೂ ಕದಲದ ಒಂದು ಗುರುತಿನಿಂದ ಹೊರಡಬೇಕು ಎಂಬುದು ಹೊಸ ವಿಷಯವಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಸರಪಳಿ ಹಿಡಿದು ಮೊದಲ ಗೆರೆ ಅಳೆದು ಇಡೀ ದೇಶದ ಮಹಾ ಮೋಜಣಿಯನ್ನು ಶುರುಮಾಡಿದ್ದೂ ಹೀಗೆಯೇ. ನಮ್ಮ ಹಿರಿಯರು ಬಾಂದು ಕಲ್ಲನ್ನು ಕಿತ್ತವರಿಗೆ ಶಾಪ ಹಾಕುತ್ತಿದ್ದುದೂ ಸುಮ್ಮನೆ ಅಲ್ಲ. ಉಪಗ್ರಹ ಬಂದರೂ ಕಲ್ಲಿನ ಅಗತ್ಯ ತಪ್ಪಲಿಲ್ಲ. ನಾವು ಈಗ ಅನುಸರಿಸುತ್ತಿರುವ ಕ್ರಮ ಹೀಗಿದೆ:

1. ಹೊಲದ ಅಂಚಿನಲ್ಲಿ, ಉಳುಮೆಗೂ ದನಕ್ಕೂ ಸಿಗದ ಎತ್ತರದ ಜಾಗ ಆರಿಸಿ. ನಾಲ್ಕೂ ದಿಕ್ಕಿಗೆ ಆಕಾಶ ಬಿಚ್ಚಿರಬೇಕು. ಹಲಸಿನ ಮರದ ಬುಡ, ತಗಡಿನ ಛಾವಣಿಯ ಗೋದಾಮಿನ ಮಗ್ಗುಲು ಬೇಡ. ತಗಡಿಗೆ ತಾಗಿ ಹಿಂತಿರುಗಿದ ಅಲೆ ರಿಸೀವರನ್ನು ಮೋಸಗೊಳಿಸುತ್ತದೆ.

2. ಅಲ್ಲಿ ಎರಡಡಿ ಆಳಕ್ಕೆ ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸಿ. ತಲೆಯ ಮೇಲೆ ಉಳಿಯಿಂದ ಒಂದು ಚುಕ್ಕಿ ಕೊರೆಯಿಸಿ. ಸ್ಟ್ಯಾಂಡ್ ನಿಲ್ಲಿಸುವಾಗ ತೂಗುಗುಂಡು ಪ್ರತಿ ಸಲವೂ ಆ ಚುಕ್ಕಿಯ ಮೇಲೆಯೇ ಬರಬೇಕು. ಕಬ್ಬಿಣದ ಕೊಳವೆಯನ್ನೇ ಕಾಂಕ್ರೀಟಿನಲ್ಲಿ ಹೂತು ಅದರ ತುದಿಗೆ ಆಂಟೆನಾ ತಿರುಗಿಸಿ ಕೂರಿಸುವ ಏರ್ಪಾಡು ಮಾಡಿದರೆ ಇನ್ನೂ ಒಳ್ಳೆಯದು.

3. ಮೊದಲ ಸಲ ಬೇಸನ್ನು ಐದು ನಿಮಿಷವಲ್ಲ, ಒಂದು ಹಗಲು ಪೂರ್ತಿ ಬಿಟ್ಟು ಸರಾಸರಿ ತೆಗೆಯಿರಿ. ಬಂದ ಅಕ್ಷಾಂಶ, ರೇಖಾಂಶ, ಎತ್ತರ ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಬೇಸಿನ ಸ್ವಂತ ತೀರ್ಮಾನವನ್ನು ನಿಲ್ಲಿಸಿ, ಈ ಅಂಕಿಗಳನ್ನೇ ಕೈಯಾರೆ ತುಂಬಿ. ಇನ್ನು ಮುಂದೆ ಎಂದಿಗೂ ಇದೇ ಅಂಕಿ. ಅದು ಭೂಗೋಳದ ನಿಜವಾದ ಲೆಕ್ಕಕ್ಕೆ ಅರ್ಧ ಮೀಟರ್ ಆಚೀಚೆ ಇದ್ದರೂ ನಮ್ಮ ತೋಟದ ಕೆಲಸಕ್ಕೆ ಬಾಧಕವಿಲ್ಲ. ಬದಲಾಗದೆ ಇರುವುದು ಮುಖ್ಯ.

4. ಅಂಕಿ ಬರೆಯುವಾಗ ಜಿಪುಣತನ ಬೇಡ. ಡಿಗ್ರಿಯ ದಶಾಂಶದ ಬಳಿಕ ಐದು ಸ್ಥಾನ ಬರೆದರೆ ಅದು ಒಂದು ಮೀಟರಿನ ಲೆಕ್ಕ. ಏಳನೆಯ ಸ್ಥಾನಕ್ಕೆ ಬಂದಾಗ ಒಂದು ಸೆಂಟಿಮೀಟರ್. ಆದ್ದರಿಂದ ಎಂಟು ಸ್ಥಾನ ಬರೆಯಿರಿ.

5. ಇನ್ನೊಂದು ಕಲ್ಲನ್ನು ಸ್ವಲ್ಪ ದೂರದಲ್ಲಿ ನೆಡಿ. ಇದು ಸಾಕ್ಷಿ ಕಲ್ಲು. ಪ್ರತಿದಿನ ಕೆಲಸ ಶುರುಮಾಡುವ ಮೊದಲು ಓಡಾಡುವ ಆಂಟೆನಾವನ್ನು ಈ ಕಲ್ಲಿನ ಮೇಲೆ ಹಿಡಿದು ಅಂಕಿ ನೋಡಿ. ನಿನ್ನೆಯ ಅಂಕಿಗೂ ಇಂದಿನದಕ್ಕೂ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟ್ರ್ಯಾಕ್ಟರ್ ಕದಲಿಸಬೇಡಿ. ಕಾರಣ ಹುಡುಕಿ. ಎರಡು ನಿಮಿಷದ ಈ ಕೆಲಸ ನಮ್ಮಿಂದ ಮೊದಲೇ ಆಗಿದ್ದರೆ ಮೇಸ್ತ್ರಿಯ ಮುಂದೆ ತಲೆ ತಗ್ಗಿಸಬೇಕಾಗಿರಲಿಲ್ಲ.

ಬೇಸ್ ಕೊಳ್ಳದೆಯೂ ನಡೆಸುವ ದಾರಿಯೊಂದಿದೆ. ಸರ್ವೆ ಆಫ್ ಇಂಡಿಯಾ ದೇಶದಾದ್ಯಂತ, ಕರ್ನಾಟಕವೂ ಸೇರಿ, ಕಾರ್ಸ್ ಎಂಬ ಶಾಶ್ವತ ಬೇಸ್ ಕೇಂದ್ರಗಳನ್ನು ಸ್ಥಾಪಿಸಿದೆ. ನೋಂದಾಯಿಸಿಕೊಂಡವರು ಇಂಟರ್ನೆಟ್ ಮೂಲಕ ಅವುಗಳ ಸಂದೇಶ ಪಡೆಯಬಹುದು. ಬಯಲುಸೀಮೆಯಲ್ಲಿ ಇದು ಅನುಕೂಲ. ಮಲೆನಾಡಿನ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಹೋಗಿ ಬಂದು ಮಾಡುವುದರಿಂದ ಸ್ವಂತ ಬೇಸ್, ಸ್ವಂತ ರೇಡಿಯೋ ಇದ್ದರೇ ಕೆಲಸ ಸಾಗುವುದು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಿಗದಿತ ಶಕ್ತಿಯೊಳಗಿನ ರೇಡಿಯೋಗಳಿಗೆ ಪರವಾನಗಿ ಬೇಕಿಲ್ಲ. ಹೊರದೇಶದಿಂದ ಬೇರೆ ಪಟ್ಟಿಯ ರೇಡಿಯೋ ತರಿಸಿ ತೊಂದರೆಗೆ ಸಿಕ್ಕಬೇಡಿ.

ಒಂದು ಎಚ್ಚರಿಕೆ: ಒಂದು ದಿನ ಕಾರ್ಸ್, ಮರುದಿನ ಸ್ವಂತ ಬೇಸ್ ಎಂದು ಬೆರೆಸಬೇಡಿ. ಎರಡರ ಲೆಕ್ಕ ಎರಡು. ಅದೇ ಹನ್ನೆರಡೂವರೆ ಅಡಿ ಮತ್ತೆ ಬಂದೀತು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಭಾರತದ ಭೂಖಂಡವೇ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಇಡೀ ಭೂಮಿಗೆ ಹೊಂದಿಸಿದ ಲೆಕ್ಕದಲ್ಲಿ ಇಂದು ಗುರುತಿಸಿದ ಅಡಿಕೆ ಮರ ಹತ್ತು ವರ್ಷದ ಬಳಿಕ ಅರ್ಧ ಮೀಟರ್ ಸರಿದಂತೆ ಕಂಡೀತು. ಆದರೆ ಕಲ್ಲೂ ತೋಟವೂ ಒಟ್ಟಿಗೆ ಸರಿಯುತ್ತವೆ. ಕಲ್ಲಿನಿಂದ ಅಳೆದವರಿಗೆ ಹತ್ತು ವರ್ಷದ ಮೇಲೂ ಮರ ಅಲ್ಲಿಯೇ ಸಿಗುತ್ತದೆ.

ಟ್ರ್ಯಾಕ್ಟರಿನ ಮೇಲಿನ ಕೆಲಸ

ಕಲ್ಲು ಗಟ್ಟಿಯಾದ ಮೇಲೆ ಟ್ರ್ಯಾಕ್ಟರಿನ ಕಡೆ ಗಮನ ಕೊಡಬೇಕು. ಜಿಪಿಎಸ್ ತಿಳಿಸುವುದು ಆಂಟೆನಾ ಇರುವ ಜಾಗವನ್ನು. ಗೆರೆ ಎಳೆಯುವುದು ನೆಲದಲ್ಲಿರುವ ಹಲ್ಲು. ಇವೆರಡರ ನಡುವೆ ತಪ್ಪು ನುಸುಳಲು ಎರಡು ದಾರಿಗಳಿವೆ.

ಮೊದಲನೆಯದು ವಾಲುವಿಕೆ. ಆಂಟೆನಾ ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿದೆ ಎನ್ನೋಣ. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಐದೇ ಡಿಗ್ರಿ ವಾಲಿದರೂ ಆಂಟೆನಾ ಪಕ್ಕಕ್ಕೆ 22 ಸೆಂಟಿಮೀಟರ್ ಸರಿಯುತ್ತದೆ. ಹತ್ತು ಡಿಗ್ರಿಗೆ 43 ಸೆಂಟಿಮೀಟರ್. ನಮ್ಮ ಸೀಮೆಯಲ್ಲಿ ಪೂರ್ತಿ ಮಟ್ಟಸವಾದ ಜಮೀನು ಎಲ್ಲಿದೆ? ಆದ್ದರಿಂದ ವಾಲುವಿಕೆಯನ್ನು ಅಳೆದು ತಿದ್ದುವ ಸಣ್ಣ ಉಪಕರಣ ಇರಲೇಬೇಕು. ಆಂಟೆನಾಗಳು ಎರಡಿದ್ದರೆ ಟ್ರ್ಯಾಕ್ಟರ್ ನಿಂತಿದ್ದಾಗಲೂ ಅದರ ಮೂತಿ ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ. ಒಂದೇ ಇದ್ದರೆ ಸ್ವಲ್ಪ ಮುಂದೆ ಚಲಿಸಿದ ಮೇಲಷ್ಟೇ ದಿಕ್ಕು ತಿಳಿಯುವುದು. ಈ ಉಪಕರಣವನ್ನು ಮಟ್ಟಸವಾದ ಸಿಮೆಂಟ್ ನೆಲದ ಮೇಲೆ, ಉದಾಹರಣೆಗೆ ಅಡಿಕೆ ಒಣಗಿಸುವ ಅಂಗಳದಲ್ಲಿ, ಟ್ರ್ಯಾಕ್ಟರ್ ನಿಲ್ಲಿಸಿ ಸೊನ್ನೆಗೆ ಹೊಂದಿಸಬೇಕು.

ಎರಡನೆಯದು ನಡುಮಧ್ಯ ತಪ್ಪುವುದು. ಆಂಟೆನಾ ಸರಿಯಾಗಿ ಹಲ್ಲಿನ ನೇರಕ್ಕೆ ಇಲ್ಲದೆ ಐದು ಸೆಂಟಿಮೀಟರ್ ಎಡಕ್ಕಿದ್ದರೆ ಹೋಗುವಾಗ ಗೆರೆ ಒಂದು ಕಡೆಗೆ, ಬರುವಾಗ ಇನ್ನೊಂದು ಕಡೆಗೆ ಸರಿಯುತ್ತದೆ. ಒಂದು ಸಂದು ಹತ್ತು ಸೆಂಟಿಮೀಟರ್ ಅಗಲ, ಮರುಸಂದು ಹತ್ತು ಸೆಂಟಿಮೀಟರ್ ಇಕ್ಕಟ್ಟು ಆಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಒಂದೇ ಗೆರೆಯ ಮೇಲೆ ಹೋಗಿ, ತಿರುಗಿ, ಅದೇ ಗೆರೆಯ ಮೇಲೆ ಬನ್ನಿ. ನೆಲದ ಮೇಲೆ ಎರಡು ಗೀರು ಕಂಡರೆ ಅವುಗಳ ನಡುವಿನ ಅಂತರದ ಅರ್ಧವೇ ನಿಮ್ಮ ತಪ್ಪು. ಅಷ್ಟನ್ನು ಟ್ಯಾಬ್ಲೆಟ್ಟಿನಲ್ಲಿ ತುಂಬಿ ಮತ್ತೆ ಪರೀಕ್ಷಿಸಿ. ಒಂದೇ ಗೀರು ಕಾಣುವವರೆಗೆ ಮಾಡಿ. ಹಲ್ಲು ಅಲ್ಲಾಡುತ್ತಿದ್ದರೆ ಮೊದಲು ಅದರ ಪಿನ್ನು, ಚೈನು ಬಿಗಿ ಮಾಡಿಸಿ. ಸಡಿಲ ಪಿನ್ನಿಗೆ ಉಪಗ್ರಹದಲ್ಲಿ ಔಷಧವಿಲ್ಲ.

ಮೊದಲ ಗೆರೆಯನ್ನು ಹೊಂದಿಸುವಾಗ ಎರಡು ತುದಿಗಳನ್ನು ಗುರುತಿಸಬೇಕು. ಈ ತುದಿಗಳು ಹೊಲದ ಉದ್ದಕ್ಕೂ ಸಾಧ್ಯವಾದಷ್ಟು ದೂರದಲ್ಲಿರಲಿ. ಹತ್ತು ಮೀಟರಿನಲ್ಲಿ ಐದು ಸೆಂಟಿಮೀಟರ್ ಓರೆಯಾದರೆ ನೂರು ಮೀಟರಿನ ತುದಿಯಲ್ಲಿ ಅರ್ಧ ಮೀಟರ್ ಓರೆಯಾಗುತ್ತದೆ. ದಿಕ್ಕಿನ ವಿಷಯದಲ್ಲಿ ಸಿಪಿಸಿಆರ್‌ಐ ಸಂಶೋಧನಾ ಸಂಸ್ಥೆಯ ಶಿಫಾರಸು ಹಳೆಯ ಬೆಳೆಗಾರರಿಗೆ ಗೊತ್ತೇ ಇದೆ: ಉತ್ತರ ದಕ್ಷಿಣದ ಗೆರೆಯನ್ನು ಪಶ್ಚಿಮಕ್ಕೆ 35 ಡಿಗ್ರಿ ಓರೆಯಾಗಿಸಿ ಸಾಲು ಹಿಡಿದರೆ ಮಧ್ಯಾಹ್ನದ ಬಿಸಿಲಿಗೆ ಕಾಂಡ ಸುಡುವುದು ಕಡಿಮೆಯಾಗುತ್ತದೆ. ಹಗ್ಗ ಹಿಡಿದು ಇದನ್ನು ಹೊಲದ ತುಂಬ ಕೆಡದಂತೆ ಸಾಗಿಸುವುದು ಕಷ್ಟ. ಜಿಪಿಎಸ್ ಇದ್ದರೆ ಒಮ್ಮೆ ಹೊಂದಿಸಿದ ಕೋನ ಕೊನೆಯ ಗೆರೆಯವರೆಗೂ ಕೆಡುವುದಿಲ್ಲ. ಈ ಯಂತ್ರದಿಂದ ನಮಗೆ ಸಿಕ್ಕ ದೊಡ್ಡ ಲಾಭ ಇದೇ ಎಂದು ಹೇಳಬೇಕು.

ಕೆಲಸಕ್ಕೆ ಬೆಳಗಿನ ಹೊತ್ತು ಲೇಸು. ನಮ್ಮ ನಾಡು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಮೇಲಿನ ಆಕಾಶದ ವಿದ್ಯುತ್ ಪದರ ಇಲ್ಲಿ ಹೆಚ್ಚು ಕದಡುತ್ತದೆ. ಸೂರ್ಯ ಮುಳುಗಿದ ಬಳಿಕ ಮಧ್ಯರಾತ್ರಿಯವರೆಗೆ, ಅದರಲ್ಲೂ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಸಂದೇಶ ಮಿಣುಕಿದಂತಾಗಿ "ಫಿಕ್ಸ್" ತಪ್ಪಿಹೋಗುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಇದರ ಕಾಟ ಇನ್ನೂ ಜಾಸ್ತಿ. ಗುಂಡಿ ಗುರುತಿಸುವುದು ಏಪ್ರಿಲಿನಲ್ಲೇ ಆದ್ದರಿಂದ, ಬಿಸಿಲು ತಪ್ಪಿಸಲು ಸಂಜೆ ಲೈಟು ಹಾಕಿಕೊಂಡು ಮುಗಿಸೋಣ ಎಂಬ ಯೋಚನೆ ಬೇಡ. ಪರದೆಯಲ್ಲಿ "ಫ್ಲೋಟ್" ಎಂದು ಬಂದರೆ ನಿಂತುಬಿಡಿ.

ಎಲ್ಲಿ ಇದು ನಡೆಯುವುದಿಲ್ಲ

ಈಗಾಗಲೇ ಬೆಳೆದ ಅಡಿಕೆ ತೋಟದೊಳಗೆ, ಸಿಲ್ವರ್ ಓಕ್ ನೆರಳಿನ ಕಾಫಿ ತೋಟದೊಳಗೆ ಈ ಯಂತ್ರವನ್ನು ನಂಬಬೇಡಿ. ಇಪ್ಪತ್ತು ಸಾವಿರ ಕಿಲೋಮೀಟರಿನಿಂದ ಬರುವ ಸಂದೇಶ ಅತ್ಯಂತ ಕ್ಷೀಣವಾದದ್ದು. ನೀರು ತುಂಬಿದ ಎಲೆಗಳು ಅದನ್ನು ಹೀರುತ್ತವೆ, ಕಾಂಡಗಳು ಅಡ್ಡ ಬರುತ್ತವೆ, ಮಳೆ ಬಂದು ನಿಂತ ಮೇಲಂತೂ ಹೇಳುವುದೇ ಬೇಡ. ಅಲೆಗಳನ್ನು ಎಣಿಸುವ ಕೆಲಸ ನಡುವೆ ಕಡಿದುಹೋಗುತ್ತದೆ. ಕೆಲವೊಮ್ಮೆ ತಪ್ಪಾದ ಎಣಿಕೆಯನ್ನೇ ಸರಿ ಎಂದು "ಫಿಕ್ಸ್" ತೋರಿಸುವುದೂ ಉಂಟು. ಅದು ಎಲ್ಲಕ್ಕಿಂತ ಅಪಾಯ. ಆಳವಾದ ಕಣಿವೆಯ ತಳದಲ್ಲಿ, ಎರಡು ಬದಿಗೂ ಗುಡ್ಡವಿದ್ದಾಗಲೂ ಇದೇ ಕಥೆ. ಹೆಚ್ಚು ಹಣ ಕೊಟ್ಟು ಹೆಚ್ಚಿನ ಯಂತ್ರ ತಂದರೆ ಸ್ವಲ್ಪ ಸುಧಾರಿಸೀತೇ ಹೊರತು ಮರದ ಕೆಳಗೆ ಬಯಲಿನ ನಿಖರತೆ ಬರುವುದಿಲ್ಲ. ಸತ್ತ ಮರದ ಜಾಗಕ್ಕೆ ಸಸಿ ಹಾಕಲು, ಎಡೆಯಲ್ಲಿ ಕಾಫಿ ಗುರುತಿಸಲು ಹಗ್ಗ ಗೂಟಗಳೇ ಸಾಕು. ಸಾಲು ಮೊದಲೇ ನೇರವಿದ್ದರೆ ಮರಗಳೇ ಗೂಟ.

ಕಡಿದಾದ ಇಳಿಜಾರಿನಲ್ಲಿ ಸಮಪಾತಳಿಯ ಮೇಲೆ ಕಾಫಿ ಹಾಕುವವರಿಗೂ ಈ ನೇರ ಗೆರೆಯ ಕ್ರಮ ಹೊಂದುವುದಿಲ್ಲ. ಅಲ್ಲಿ ಟ್ರ್ಯಾಕ್ಟರ್ ಓಡಿಸುವುದೇ ಪ್ರಾಣಕ್ಕೆ ಅಪಾಯ.

ಬಸಿಗಾಲುವೆಗೆ ಇಳುಕಲು ನೋಡಲು ಇದನ್ನು ಬಳಸಬಹುದೇ ಎಂದು ಕೆಲವರು ಕೇಳಿದ್ದಾರೆ. ಎತ್ತರದ ಅಳತೆಯಲ್ಲಿ ತಪ್ಪು ಯಾವಾಗಲೂ ಅಡ್ಡಳತೆಗಿಂತ ಒಂದೂವರೆ ಎರಡು ಪಟ್ಟು ಹೆಚ್ಚು. ಉದ್ದನೆಯ ಕಾಲುವೆಗೆ ಅಂದಾಜು ಸಿಗುತ್ತದೆ. ನೀರು ಸರಾಗ ಹರಿಯುತ್ತದೆಯೇ ಎಂಬ ಕೊನೆಯ ತೀರ್ಮಾನವನ್ನು ನೀರಿನ ಮಟ್ಟದ ಕೊಳವೆಗೇ ಬಿಡಿ.

ಗಡಿ ತಕರಾರಿಗೆ ಇದನ್ನು ತರಬೇಡಿ

ಫೋನಿನಲ್ಲಿ ಜಮೀನಿನ ಸುತ್ತ ನಡೆದು "ನನ್ನದು ಇಷ್ಟು ಗುಂಟೆ, ಪಕ್ಕದವರು ಒತ್ತಿದ್ದಾರೆ" ಎಂದು ಸಂಘದ ಕಚೇರಿಗೆ ಬಂದವರಿದ್ದಾರೆ. ಅವರಿಗಾಗಿ ಒಂದು ಲೆಕ್ಕ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 64 ಮೀಟರ್. ನಾಲ್ಕೂ ಬದಿಗೆ ಅಳತೆ ಒಂದೂವರೆ ಮೀಟರ್ ಹೊರಕ್ಕೆ ಬಿದ್ದರೆ 40 ಗುಂಟೆಯ ಜಮೀನು ಸುಮಾರು 44 ಗುಂಟೆಯಾಗಿ ಕಾಣುತ್ತದೆ. ಫೋನಿನ ಜಿಪಿಎಸ್ ಒಂದೂವರೆ ಮೀಟರ್ ತಪ್ಪುವುದು ತೀರಾ ಸಾಮಾನ್ಯ. ಇಲ್ಲದ ನಾಲ್ಕು ಗುಂಟೆಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದು ಬೇಡ.

ಬೇಸ್ ಇಟ್ಟು ಸೆಂಟಿಮೀಟರಿನಲ್ಲಿ ಅಳೆದರೂ ಅದು ನಿಮ್ಮ ತಿಳಿವಳಿಕೆಗೆ ಮಾತ್ರ. ಗಡಿ ಯಾವುದೆಂದು ಹೇಳುವುದು ಕಂದಾಯ ದಾಖಲೆ ಮತ್ತು ಸರ್ಕಾರಿ ಭೂಮಾಪಕರ ಅಳತೆ. ಜಮೀನು ಭಾಗ ಮಾಡಿ ಮಾರುವುದಾದರೆ 11-ಇ ನಕ್ಷೆ ಬೇಕೇ ಬೇಕು. ಯಂತ್ರ ತೋರಿಸಿತೆಂದು ಬಾಂದು ಕಲ್ಲಿಗೆ ಕೈ ಹಾಕಬೇಡಿ.

ಒಬ್ಬರಿಗೆ ಭಾರ, ಹತ್ತು ಜನರಿಗೆ ಹಗುರ

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಎರಡು ಮೂರು ಎಕರೆಯ ಬೆಳೆಗಾರರು. ಹೊಸ ತೋಟ ಹಾಕುವುದು ಜೀವಮಾನದಲ್ಲಿ ಒಂದೆರಡು ಸಲ. ಅದಕ್ಕಾಗಿ ಒಬ್ಬೊಬ್ಬರೂ ಯಂತ್ರ ಕೊಳ್ಳುವುದು ದುಂದು. ಆದರೆ ಬೇಸ್ ಎಂಬುದು ಒಬ್ಬರಿಗಾಗಿ ಮಾತ್ರ ಮಾತನಾಡುವುದಿಲ್ಲ. ರೇಡಿಯೋ ತಲುಪುವಷ್ಟು ದೂರದಲ್ಲಿರುವ ಎಷ್ಟು ಟ್ರ್ಯಾಕ್ಟರುಗಳಿದ್ದರೂ ಒಂದೇ ಬೇಸಿನ ಸಂದೇಶ ಸಾಕು. ಹತ್ತು ಕಿಲೋಮೀಟರ್ ದೂರ ಹೋದರೂ ಅದರಿಂದ ಕೂಡುವ ತಪ್ಪು ಒಂದು ಸೆಂಟಿಮೀಟರ್ ಮಾತ್ರ. ಅಕ್ಕಪಕ್ಕದ ಹತ್ತು ಜನ ಸೇರಿ ಒಂದು ಬೇಸ್, ಒಂದು ಟ್ರ್ಯಾಕ್ಟರಿನ ಸಲಕರಣೆ, ಕಲಿತ ಒಬ್ಬ ಹುಡುಗ, ಇಷ್ಟು ಏರ್ಪಾಡು ಮಾಡಿಕೊಂಡರೆ ಗೆರೆ ಹಾಕುವ ಹಂಗಾಮಿನಲ್ಲಿ ಎಲ್ಲರ ಕೆಲಸ ಮುಗಿಯುತ್ತದೆ. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಯಾರು ಕೊಳ್ಳಲಿ, ಯಾರು ಬಾಡಿಗೆಗೆ ತರಲಿ, ಮಾರುವವರನ್ನು ಮೂರು ಪ್ರಶ್ನೆ ಕೇಳಿಯೇ ಹಣ ಕೊಡಿ. ಬೇಸಿನ ಅಂಕಿಯನ್ನು ಕೈಯಾರೆ ತುಂಬಲು ಅವಕಾಶವಿದೆಯೇ? ವಾಲುವಿಕೆ ತಿದ್ದುವ ಉಪಕರಣ ಸೇರಿದೆಯೇ? ನಿಮ್ಮದೇ ಹೊಲಕ್ಕೆ ತಂದು ಇಂದು ಒಂದು ಗೆರೆ, ಎಲ್ಲ ಕಳಚಿ ಮತ್ತೆ ಜೋಡಿಸಿ ನಾಳೆ ಅದೇ ಗೆರೆ ಎಳೆದು ತೋರಿಸುವರೇ? ಎರಡು ಗೆರೆ ಒಂದರ ಮೇಲೊಂದು ಬಿದ್ದರೆ ಕೊಳ್ಳಿ. ಬೀಳದಿದ್ದರೆ ಕೈಮುಗಿದು ಕಳುಹಿಸಿ.

ನಮ್ಮ ಸದಸ್ಯರ ನಾಲ್ಕು ಎಕರೆಯಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಸಸಿ ಕೂತಿವೆ. ನಿನ್ನೆಯ ಭಾಗ ಯಾವುದು, ಇಂದಿನ ಭಾಗ ಯಾವುದು ಎಂದು ಈಗ ಯಾರಿಗೂ ಗುರುತು ಸಿಗದು. ಯಾವ ಮೂಲೆಯಲ್ಲಿ ನಿಂತು ನೋಡಿದರೂ ಸಾಲು ಕಾಣುತ್ತದೆ. ಹೊಲದ ಮೇಲಿನ ಮೂಲೆಯಲ್ಲಿ ಕಲ್ಲು ನಿಂತಿದೆ. ಅದರ ಅಂಕಿಗಳನ್ನು ಸದಸ್ಯರು ತಮ್ಮ ಪಹಣಿ ಕಾಗದಗಳ ಜೊತೆಯಲ್ಲೇ ಕಟ್ಟಿಟ್ಟಿದ್ದಾರೆ. ಇನ್ನೊಂದು ಪ್ರತಿಯನ್ನು ಸಂಘದ ಕಚೇರಿಯ ಪುಸ್ತಕದಲ್ಲಿ ಬರೆದಿದ್ದೇವೆ. ಬರುವ ಬೇಸಿಗೆಯಲ್ಲಿ ಹೊಸ ತೋಟ ಹಾಕುವವರು ಕಲ್ಲು ನೆಡುವ ಮೊದಲೇ ಕಚೇರಿಗೆ ಬಂದು ವಿಚಾರಿಸಬೇಕೆಂದು ಕೋರುತ್ತೇವೆ. ಮೇಸ್ತ್ರಿಯವರೂ ಬರುತ್ತೇವೆ ಎಂದು ಒಪ್ಪಿದ್ದಾರೆ. ಆದರೆ ಹಗ್ಗವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರುವುದಿಲ್ಲವಂತೆ. ಅದೇ ಸರಿ ಎಂದು ನಾವೂ ಒಪ್ಪಿದ್ದೇವೆ.